ಮಿಲ್ ಡ್ರಾಯಿಂಗಿನಲ್ಲಿ ಸಿಂಬಲ್ ಸ್ಕೇಲ್: ನಾನು ಮಾಡುವ ರೀತಿ

ಗಂಗಾವತಿ ಕಡೆಯ ರೈಸ್ ಮಿಲ್‌ಗಳಿಗೆ ಎಲೆಕ್ಟ್ರಿಕಲ್ ಡ್ರಾಯಿಂಗ್ ಮಾಡಿಕೊಡುವುದು ನನ್ನ ಕೆಲಸ. ಒಂದೇ ಮಿಲ್‌ಗೆ ಮೂರು ಬಗೆಯ ಶೀಟ್ ಬೇಕು. ಇಡೀ ಜಾಗದ್ದು 1:200, ಶೆಡ್ಡಿನದು 1:100, ಪ್ಯಾನಲ್ ರೂಮಿನದು 1:20. ಲೈಟ್ ಪಾಯಿಂಟ್, ಪ್ಲಗ್ ಪಾಯಿಂಟ್‌ಗಳ ಗುರುತು ಮಾತ್ರ ಮೂರರಲ್ಲೂ ಅವೇ.

ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಬ್ಲಾಕ್ (ಒಮ್ಮೆ ಬರೆದು ಬೇಕಾದಲ್ಲೆಲ್ಲ ಹಾಕುವ ಚಿತ್ರ) ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಟೇಪ್ ಹಿಡಿದು ಅಳೆಯಬಹುದಾ? ಬಾಗಿಲು, ಪ್ಯಾನಲ್, ಮೋಟರ್ ಫೌಂಡೇಶನ್ ಇವೆಲ್ಲ ನಿಜವಾದ ಅಳತೆಯಲ್ಲೇ ಇರಬೇಕು. ಸ್ಕೇಲ್ 1, ಯಾವ ಶೀಟಿಗೂ ಬದಲಿಸಬಾರದು. ಲೈಟ್ ಪಾಯಿಂಟಿನ ವೃತ್ತ ಹಾಗಲ್ಲ, ಬರೀ ಗುರುತು. ವೈರ್‌ಮನ್ ಕೈಯಲ್ಲಿರುವ ಪ್ರಿಂಟಿನಲ್ಲಿ ಸರಿಯಾಗಿ ಕಂಡರೆ ಆಯ್ತು.

ಅದಕ್ಕೇ ಗುರುತನ್ನು ಪ್ರಿಂಟಿನಲ್ಲಿ ಬೇಕಾದಷ್ಟೇ ದೊಡ್ಡದಾಗಿ, 4 ಮಿ.ಮೀ. ಬರೆಯುತ್ತೇನೆ. 1:100 ಶೀಟಿಗೆ ಇನ್ಸರ್ಟ್ ಮಾಡುವಾಗ ಸ್ಕೇಲ್ 100 ಕೊಟ್ಟರೆ ಮಾಡೆಲ್‌ನಲ್ಲಿ, ಅಂದರೆ ನಿಜವಾದ ಅಳತೆಯಲ್ಲಿ ಬರೆಯುವ ಜಾಗದಲ್ಲಿ, 400 ಮಿ.ಮೀ. ಆಗುತ್ತದೆ. 1:20ಕ್ಕೆ 20 ಕೊಟ್ಟರೆ 80. ಪ್ರಿಂಟ್ ತೆಗೆದರೆ ಎರಡೂ 4.

ಒಂದೇ ಲೈಟ್ ಎರಡು ಸ್ಕೇಲಿನ ಶೀಟಿನಲ್ಲಿ ಬರಬೇಕಾದರೆ ಈ ಲೆಕ್ಕ ಸಾಲದು. ಆಗ ಬ್ಲಾಕ್ ಮಾಡುವಾಗಲೇ ಅನೋಟೇಟಿವ್ (ಶೀಟಿನ ಸ್ಕೇಲಿಗೆ ತಕ್ಕಂತೆ ಗಾತ್ರ ಬದಲಿಸಿಕೊಳ್ಳುವುದು) ಎಂದು ಟಿಕ್ ಮಾಡುತ್ತೇನೆ. ಆಟೋಕ್ಯಾಡ್ 2008ರಿಂದ ಈ ಸೌಲಭ್ಯ ಇದೆ. ಬೇಕಾದ ಸ್ಕೇಲುಗಳನ್ನು ಆ ಬ್ಲಾಕಿಗೆ ಸೇರಿಸಿದರೆ ಪ್ರತಿ ವ್ಯೂಪೋರ್ಟಿನಲ್ಲೂ (ಶೀಟಿನಲ್ಲಿ ಮಾಡೆಲ್ ತೋರಿಸುವ ಕಿಟಕಿ) ತಾನೇ ಹೊಂದಿಕೊಳ್ಳುತ್ತದೆ. ಇನ್ಸರ್ಟ್ ಸ್ಕೇಲ್ ಇಲ್ಲಿ 1 ಇರಲಿ, 100 ಕೊಟ್ಟರೆ ಎರಡು ಸಲ ದೊಡ್ಡದು ಮಾಡಿದಂತೆ. ಒಂದೇ ಶೀಟಿನ ಸಣ್ಣ ಕೆಲಸಕ್ಕೆ ಇದೆಲ್ಲ ಸುಮ್ನೆ ತಲೆನೋವು.

ಈಗಾಗಲೇ ಹಾಕಿದ ಗುರುತುಗಳನ್ನು ದೊಡ್ಡದು ಮಾಡಬೇಕಾದರೆ ಎಲ್ಲವನ್ನೂ ಹಿಡಿದು ಸ್ಕೇಲ್ ಕಮಾಂಡ್ ಕೊಡಬೇಡಿ. ಒಂದೇ ಬೇಸ್ ಪಾಯಿಂಟಿನಿಂದ ಎಲ್ಲವೂ ದೂರ ಸರಿಯುತ್ತವೆ, ಶೆಡ್ಡಿನೊಳಗಿನ ಲೈಟು ಲಾರಿ ನಿಲ್ಲುವ ಜಾಗಕ್ಕೆ ಹೋಗುತ್ತದೆ! ಕ್ವಿಕ್ ಸೆಲೆಕ್ಟ್‌ನಲ್ಲಿ ಬ್ಲಾಕಿನ ಹೆಸರು ಹಿಡಿದು ಎಲ್ಲವನ್ನೂ ಆರಿಸಿ. ಪ್ರಾಪರ್ಟೀಸ್‌ನಲ್ಲಿ ಎಕ್ಸ್, ವೈ, ಝಡ್ ಮೂರಕ್ಕೂ ಹೊಸ ಸ್ಕೇಲ್ ಹಾಕಿ. ಪ್ರತಿಯೊಂದೂ ನಿಂತಲ್ಲೇ ಬೆಳೆಯುತ್ತದೆ.

ಇಷ್ಟಾದರೂ ಗುರುತು ಚುಕ್ಕೆಯಷ್ಟೇ ಕಂಡರೆ ಯೂನಿಟ್ ನೋಡಿ. ಮಿಲಿಮೀಟರಿನಲ್ಲಿ ಬರೆದ ಪ್ಲಾನಿನ ಸೆಟ್ಟಿಂಗ್ ಇಂಚಿನಲ್ಲೇ ಉಳಿದಿರುವುದು ಜಾಸ್ತಿ. ನಮ್ಮ ಮಿಲಿಮೀಟರ್ ಬ್ಲಾಕ್ ಅಲ್ಲಿ 25.4 ಪಟ್ಟು ಕುಗ್ಗುತ್ತದೆ. ಬೇರೆಯವರ ಪ್ಲಾನ್ ಬಂದ ಕೂಡಲೇ ಒಂದು ಗೋಡೆ ಅಳೆದು, ಮಿಲಿಮೀಟರ್ ಎಂದು ಖಾತ್ರಿಯಾದರೆ ಯೂನಿಟ್ ಹೇಳುವ ಇನ್ಸ್‌ಯುನಿಟ್ಸ್ ಸೆಟ್ಟಿಂಗನ್ನು 4, ಅಂದರೆ ಮಿಲಿಮೀಟರ್, ಮಾಡುತ್ತೇನೆ. ಇದು ಬ್ಲಾಕ್ ಹಾಕುವ ಮೊದಲೇ ಆಗಬೇಕು. ಆಗಲೇ ಹಾಕಿದ್ದು ಇದರಿಂದ ಬದಲಾಗುವುದಿಲ್ಲ.