ಕನ್ನಂಬಾಡಿ ಹಿನ್ನೀರು: ಪಿಕ್ಸೆಲ್ಲಿಗೊಂದು ಸೆಲ್

ಜಿಐಎಸ್ ಎಂಬ ನಕ್ಷೆ ತಂತ್ರಾಂಶ ಇಲ್ಲದೆ, ಬರೀ ಸ್ಪ್ರೆಡ್‌ಶೀಟಿನಲ್ಲಿ ಉಪಗ್ರಹ ಚಿತ್ರ ಅಳೆಸುವುದು ಮಕ್ಕಳಾಟ ಎಂದವರೇ ಹೆಚ್ಚು. ಒಂಬತ್ತನೇ ತರಗತಿಯವರು ಅಳೆದ ಕೆಆರ್‌ಎಸ್ ಹಿನ್ನೀರಿನ ವಿಸ್ತೀರ್ಣ ಈಗ ಜಲಾಶಯದ ದಿನದ ಮಟ್ಟದ ಜೊತೆಜೊತೆಗೇ ಏರಿಳಿಯುತ್ತಿದೆ. ಗ್ರಾಫ್ ನೋಡಿದ ಮೇಲೆ ಯಾರೂ ಮಾತಾಡಿಲ್ಲ.

ಮೊದಲೆರಡು ದಾರಿ ದಂಡವಾದವು. ಕಲರ್ ಪ್ರಿಂಟಿನ ಮೇಲೆ ಪಾರದರ್ಶಕ ಗ್ರಾಫ್ ಹಾಳೆ ಇಟ್ಟು ಚೌಕ ಎಣಿಸಿದರೆ, ಪ್ರಿಂಟಿಗೇ ಸುಮಾರು ಎರಡು ಸಾವಿರ ರೂಪಾಯಿ ಹೋಗುತ್ತದೆ. ಅಂಚಿನ ಅರ್ಧ ಚೌಕಗಳನ್ನು ಒಂದೊಂದು ಗುಂಪು ಒಂದೊಂದು ಥರ ಎಣಿಸಿ, ಉತ್ತರದಲ್ಲಿ ಶೇ. 15–20 ವ್ಯತ್ಯಾಸ. ಗೂಗಲ್ ಅರ್ಥ್ ಸ್ಕ್ರೀನ್‌ಶಾಟಿಗೆ ಖರ್ಚಿಲ್ಲ. ಆದರೆ ಜೂಮ್ ಚೂರು ಬದಲಾದರೂ ಅಳತೆ ಕೆಡುತ್ತದೆ, ಜೆಪೆಗ್ ಆದಾಗ ಪಿಕ್ಸೆಲ್ ಸಂಖ್ಯೆಗಳು ಕಲಸಿಹೋಗುತ್ತವೆ, ಒಂದೇ ಪರದೆಯಲ್ಲಿ ಬೇರೆ ಬೇರೆ ದಿನದ ತುಂಡುಗಳು ಸೇರಿರುತ್ತವೆ.

ಈಗ ಉಪಗ್ರಹ ಚಿತ್ರ ಸಿಗುವ ಅರ್ಥ್‌ಎಕ್ಸ್‌ಪ್ಲೋರರ್ ಜಾಲತಾಣದಿಂದ ಲ್ಯಾಂಡ್‌ಸ್ಯಾಟ್ 8 ಅಥವಾ 9 ಉಪಗ್ರಹದ ಕಲೆಕ್ಷನ್ 2, ಲೆವೆಲ್ 2 (ವಾತಾವರಣದ ಪರಿಣಾಮ ಸರಿಪಡಿಸಿದ) ಚಿತ್ರದ ಐದನೇ ಬ್ಯಾಂಡ್, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಪದರ ಮಾತ್ರ ಇಳಿಸುತ್ತೇನೆ. ಒಂದು ಬ್ಯಾಂಡ್ ಹೆಚ್ಚುಕಡಿಮೆ 100 ಎಂಬಿ. ಇಡೀ ಬಂಡಲ್ ಒತ್ತಿದರೆ ಅವತ್ತಿನ ಡೇಟಾ ಅಲ್ಲಿಗೇ ಮುಗಿಯಿತು. ಇಮೇಜ್‌ಜೆ ಎಂಬ ಚಿತ್ರ ಅಳೆಯುವ ತಂತ್ರಾಂಶದಲ್ಲಿ ತೆರೆದು, ಹಿನ್ನೀರಿನ ಸುತ್ತ ಸುಮಾರು 900×700 ಪಿಕ್ಸೆಲ್ ಕ್ರಾಪ್ ಮಾಡಿ, 'ಟೆಕ್ಸ್ಟ್ ಇಮೇಜ್' ಎಂದು ಸೇವ್ ಮಾಡಿ, ಅದನ್ನು ಲಿಬ್ರೆಆಫೀಸಿನ ಸ್ಪ್ರೆಡ್‌ಶೀಟ್ ಕ್ಯಾಲ್ಕಿನಲ್ಲಿ ತೆರೆದರೆ ಪಿಕ್ಸೆಲ್ಲಿಗೊಂದು ಸೆಲ್. 900 ಎಂದದ್ದಕ್ಕೆ ಕಾರಣವಿದೆ: ಹಳೆಯ ಕ್ಯಾಲ್ಕಿನಲ್ಲಿ 1,024 ಕಾಲಮ್ಮಿಗಿಂತ ಹೆಚ್ಚು ಹಿಡಿಯುವುದಿಲ್ಲ, ಬಲಗಡೆಯ ನೀರು ಕತ್ತರಿಸಿಹೋಗುತ್ತದೆ. ಪಿಕ್ಸೆಲ್ಲಿಗೆ 10 ಮೀಟರಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಆದದ್ದು ಇದೇ.

ಈ ಬ್ಯಾಂಡಿನಲ್ಲಿ ನೀರು ಕಪ್ಪು, ಅಂದರೆ ಸಣ್ಣ ಸಂಖ್ಯೆ; ಗದ್ದೆ, ತೋಟ ದೊಡ್ಡ ಸಂಖ್ಯೆ. ನಡುವೆ 11,500ರ ಆಸುಪಾಸಿನಲ್ಲಿ ಗೆರೆ ಎಳೆದು, ಅದಕ್ಕಿಂತ ಸಣ್ಣ ಸಂಖ್ಯೆಯ ಸೆಲ್‌ಗಳನ್ನು ಎಣಿಸಲು ಕೌಂಟ್‌ಇಫ್ ಹಾಕಿ, ಬಂದದ್ದನ್ನು 0.0009ರಿಂದ ಗುಣಿಸಿದರೆ ಚದರ ಕಿಲೋಮೀಟರ್ (ಲ್ಯಾಂಡ್‌ಸ್ಯಾಟಿನ ಒಂದು ಪಿಕ್ಸೆಲ್ 30×30 ಮೀಟರ್). ತುಂಬಿದ ಹಿನ್ನೀರು ಸುಮಾರು 130 ಚ.ಕಿ.ಮೀ. ಎಂದರೆ 1.44 ಲಕ್ಷ ಪಿಕ್ಸೆಲ್ ಸಿಗಬೇಕು. ನಮ್ಮದು ಐದಾರು ಪರ್ಸೆಂಟ್ ಕಡಿಮೆ ಬಂತು. ಅಂಚಿನಲ್ಲಿ ನೀರು, ನೆಲ ಎರಡೂ ಬೆರೆತ ಪಿಕ್ಸೆಲ್‌ಗಳು ಗೆರೆಯ ಮೇಲಕ್ಕೆ ಹೋಗುತ್ತವೆ. ಪ್ರತಿ ತಾರೀಖಿಗೂ ಗೆರೆಯನ್ನು ಹೇಗೆ ಸರಿಪಡಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಣ್ಣಕ್ಕೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಬೇಕು, ಆದರೆ ಕಟ್ಟೆಯ ಪಕ್ಕದ 200×200 ಸೆಲ್ಲಿಗೆ ಮಾತ್ರ. ಆರು ಲಕ್ಷ ಸೆಲ್ಲಿಗೂ ಹಾಕಿದರೆ 4 ಜಿಬಿ ಕಂಪ್ಯೂಟರ್ ನಿಂತೇಹೋಗುತ್ತದೆ. ಕಾಲಮ್ ಕಿರಿದು ಮಾಡಿ ಜೂಮ್ 20ಕ್ಕೆ ಇಳಿಸಿದಾಗ ಸಂಖ್ಯೆಗಳು ಮಾಯವಾಗಿ ನೀಲಿ ಹರಡುತ್ತದೆ, ಒಂದು ಬದಿ ಹಲಗೆ ಇಟ್ಟು ಕೊಯ್ದಂತೆ ನೆಟ್ಟಗೆ. ಅದೇ ಕಟ್ಟೆ ಎಂದು ಮಕ್ಕಳು ಹೇಳಿಕೊಡದೆಯೇ ಗುರುತಿಸುತ್ತಾರೆ.

ತುಂಬಾ ಕಾಡಿದ್ದು ಕ್ರಾಪ್. ಲ್ಯಾಂಡ್‌ಸ್ಯಾಟ್ ಚಿತ್ರದ ಮೂಲೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಇರುವುದಿಲ್ಲ. ಹಿಂದಿನ ತಾರೀಖಿನ ಎಕ್ಸ್, ವೈ ಹಾಕಿದರೆ ಹಿನ್ನೀರಿನ ಬಾಲ ಹೊರಗುಳಿದು ಪಕ್ಕದ ಕೆರೆಗಳು ಒಳಗೆ ಬರುತ್ತವೆ. ಕಟ್ಟೆಯ ಒಂದು ತುದಿಯ ಪಿಕ್ಸೆಲ್ ಹಿಡಿದು ಅಲ್ಲಿಂದ ಎಣಿಸಿ. ಕಟ್ಟೆಯ ಉದ್ದ 2,620 ಮೀಟರ್, ಲೈನ್ ಟೂಲಿನಲ್ಲಿ 87 ಪಿಕ್ಸೆಲ್ ತೋರಿಸಬೇಕು. 80 ಬಂದರೆ ಯಾರೋ ಚಿತ್ರದ ಸೈಜ್ ಬದಲಿಸಿದ್ದಾರೆ.

ಮೋಡದ ನೆರಳೂ ಈ ಬ್ಯಾಂಡಿನಲ್ಲಿ ನೀರಿನಷ್ಟೇ ಕಪ್ಪು. ಹಾಗಾಗಿ ಜುಲೈ–ಸೆಪ್ಟೆಂಬರ್ ಚಿತ್ರಗಳಿಗೆ ಕೈ ಹಾಕಬೇಡಿ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನವು ಸಾಕು. ಮಟ್ಟ 124.80 ಅಡಿಯ ಹತ್ತಿರವಿದ್ದ ದಿನಗಳ ಜೊತೆಗೆ, 90ಕ್ಕಿಂತ ಕೆಳಗಿಳಿದಿದ್ದ 2024ರ ಬೇಸಿಗೆಯನ್ನೂ ಸೇರಿಸಿ. ಆಗಲೇ ಗ್ರಾಫಿಗೆ ಎರಡೂ ತುದಿ ಸಿಗುವುದು.

ಹೀಗೇ 2012ರ ಬರವನ್ನೂ ನೋಡಿದೆವು. ಆ ವರ್ಷಕ್ಕೆ ಸಿಗುವುದು ಲ್ಯಾಂಡ್‌ಸ್ಯಾಟ್ 7 ಮಾತ್ರ. ಅದರಲ್ಲಿ ಇನ್‌ಫ್ರಾರೆಡ್ ಪದರಕ್ಕೆ ನಾಲ್ಕನೇ ಬ್ಯಾಂಡ್ ತೆಗೆದುಕೊಳ್ಳಬೇಕು. 2003ರ ಮೇ ತಿಂಗಳಲ್ಲಿ ಅದರ ಸ್ಕ್ಯಾನ್ ಸರಿಪಡಿಸುವ ಭಾಗ ಕೆಟ್ಟಿದ್ದರಿಂದ ಚಿತ್ರದ ತುಂಬ ಖಾಲಿ ಪಟ್ಟೆಗಳಿವೆ. ಖಾಲಿ ಎಂದರೆ ಸೊನ್ನೆ. ಸೊನ್ನೆ 11,500ಕ್ಕಿಂತ ಕಡಿಮೆ. ಬರದ ವರ್ಷ ನೀರು ಉಕ್ಕಿತು! ಸೊನ್ನೆಗಳನ್ನು ಬೇರೆ ಎಣಿಸಿ ಕಳೆದು, ಉಳಿದದ್ದರಲ್ಲಿ ನೀರಿನ ಪಾಲು ತೆಗೆದಾಗ ದಾರಿಗೆ ಬಂತು.

ಬೆಳ್ಳಂದೂರು ಕೆರೆಗೆ ಈ ಲೆಕ್ಕ ನಡೆಯುವುದಿಲ್ಲ. 900 ಎಕರೆಗೆ ನಾಲ್ಕು ಸಾವಿರ ಪಿಕ್ಸೆಲ್ ಅಷ್ಟೇ, ಮೇಲಾಗಿ ಅಂತರಗಂಗೆ ಹರಡಿದ ಕಡೆ ಸಂಖ್ಯೆ ಗದ್ದೆಯಷ್ಟೇ ದೊಡ್ಡದು. ಅಲ್ಲಿ ಕೆರೆಯ ಗಡಿಯೊಳಗೆ ಕಳೆಯನ್ನೇ ಎಣಿಸುವುದು ಸರಿ, ಅದೂ ಸೆಂಟಿನೆಲ್‌ನಲ್ಲಿ.