ಟೆಂಟ್ ಹೊಡೆಯೋಕೆ ಬಿಡ್ತಾರಾ? ಮ್ಯಾಪಿಗೆ ಕ್ಯಾಂಪ್ ಜಾಗ ಸೇರಿಸಿದ ನನ್ನ ಅನುಭವ

ಯಾರು ಬೇಕಾದರೂ ಜಾಗ ಸೇರಿಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪಿಗೆ ನಾನು ಮೊದಲು ಸೇರಿಸಿದ್ದು ಕ್ಯಾಲಿಫೋರ್ನಿಯಾದ ಕಾಡಿನೊಳಗಿನ ಒಂದು ಕ್ಯಾಂಪ್‌ಗ್ರೌಂಡು. ಒಳಗೆ 40 ಸೈಟು. ನಲವತ್ತಕ್ಕೂ 'ಟೂರಿಸಂ=ಕ್ಯಾಂಪ್_ಸೈಟ್' ಅಂತ ಟ್ಯಾಗ್, ಅಂದರೆ ಜಾಗ ಯಾವ ಬಗೆಯದು ಅಂತ ಹೇಳುವ ಗುರುತು, ಹಾಕಿಬಿಟ್ಟೆ. ಮ್ಯಾಪು ತೆರೆದರೆ ಜಾತ್ರೆ ನೆರೆದ ಹಾಗೆ 40 ಟೆಂಟಿನ ಚಿಹ್ನೆ! ಇಲ್ಲಿಯವರ ಬಾಯಲ್ಲಿ ಒಂದು ಟೆಂಟಿನ ಜಾಗವೇ ಕ್ಯಾಂಪ್‌ಸೈಟ್. ಆದರೆ ಈ ಮ್ಯಾಪು 2004ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ್ದು, ಅದರ ಇಂಗ್ಲಿಷೂ ಅಲ್ಲಿಯದೇ. ಅದರಲ್ಲಿ ಆ ಪದ ಇಡೀ ಆವರಣಕ್ಕೆ. ಒಳಗಿನ ಒಂದೊಂದು ಜಾಗ 'ಕ್ಯಾಂಪ್_ಪಿಚ್', ಅದರ ನಂಬರು 'ರೆಫ್'.

ಎರಡನೇ ತಪ್ಪಿನ ಫಲ ಗೆಳೆಯನ ತಲೆಗೆ ಬಂತು. ಇನ್ನೊಂದು ಜಾಗದ ಬೋರ್ಡಿನಲ್ಲಿ 'ಕ್ಯಾಂಪ್‌ಗ್ರೌಂಡ್' ಅಂತಿತ್ತು, ಹಾಗೇ ಬರೆದಿದ್ದೆ. ರಾತ್ರಿ ಒಂಬತ್ತಕ್ಕೆ ಫೋನು: "ಏನ್ ಮಾರಾಯಾ, ನಿನ್ನ ಮ್ಯಾಪ್ ನಂಬ್ಕೊಂಡು ಹೆಂಡ್ತಿ ಮಕ್ಳನ್ನ ಕರ್ಕೊಂಡ್ ಬಂದೆ, ಇಲ್ಲಿ ಟೆಂಟೇ ಬಿಡಲ್ವಂತೆ!" ಅದು ಬರೀ ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆಯಂಥ ಗಾಡಿ, ನಿಲ್ಲಿಸುವ ಜಾಗ. ಅವತ್ತಿನಿಂದ ನಾನು ಹೆಸರು ನಂಬುವುದಿಲ್ಲ. ಆಫೀಸಿನ ಕಿಟಕಿಯಲ್ಲಿ ನಿಂತು ಮೊದಲು ಕೇಳುವುದು, ಟೆಂಟ್ ಹೊಡೆಯಬಹುದಾ? ಆಗದು ಅಂದರೆ 'ಕ್ಯಾರವಾನ್_ಸೈಟ್', ಜೊತೆಗೆ 'ಟೆಂಟ್ಸ್=ನೋ'. ಆಗುತ್ತದೆ, ಆರ್‌ವಿಯೂ ಬರಬಹುದು ಅಂದರೆ 'ಕ್ಯಾಂಪ್_ಸೈಟ್', ಜೊತೆಗೆ 'ಕ್ಯಾರವಾನ್ಸ್=ಯೆಸ್'.

ಡೆತ್ ವ್ಯಾಲಿಯ ಸ್ಟೋವ್‌ಪೈಪ್ ವೆಲ್ಸ್‌ಗೆ ಹೋದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ. ನ್ಯಾಷನಲ್ ಪಾರ್ಕಿನವರ ಕ್ಯಾಂಪ್‌ಗ್ರೌಂಡು ಜಲ್ಲಿ ಹಾಸಿದ ಬಯಲು, ಪಾರ್ಕಿಂಗ್ ಜಾಗ ಅಂದುಕೊಳ್ಳಬೇಕು. ಆದರೂ ಟೆಂಟಿಗೆ ಅವಕಾಶ ಉಂಟು, ಕರೆಂಟಿಲ್ಲ. ಪಕ್ಕದಲ್ಲೇ ಅಂಗಡಿಗೆ ಹೊಂದಿಕೊಂಡು ಪುಟ್ಟ ಆರ್‌ವಿ ಪಾರ್ಕು, ಅಲ್ಲಿ ಫುಲ್ ಹುಕಪ್, ಅಂದರೆ ಗಾಡಿಗೆ ಕರೆಂಟು, ನೀರು, ಕೊಳಚೆ ಮೂರರ ಸಂಪರ್ಕವೂ ಉಂಟು. ನೆಲ ಒಂದೇ ಥರ, ವರ್ಗ ಬೇರೆ.

ಹುಕಪ್ ಅಂದರೇನು ಅಂತ ನನಗೆ ಅರ್ಥವಾದದ್ದು ಸೈಟಿನ ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತಾಗ. ಮುಚ್ಚಳ ಎತ್ತಿದರೆ ಮೂರು ತೂತಿನ 30 ಆಂಪ್ ಸಾಕೆಟ್ಟು, ನಾಲ್ಕು ತೂತಿನದು 50 ಆಂಪ್. ಕೆಳಗೆ ನಲ್ಲಿ. ಪಕ್ಕದ ನೆಲದಲ್ಲಿ ಕೊಳಚೆ ಬಿಡುವ ಪೈಪಿನ ಬಾಯಿ. ಮೂರೂ ಇದ್ದರೆ ಮಾತ್ರ ಫುಲ್. ಕರೆಂಟಿಗೆ 'ಪವರ್_ಸಪ್ಲೈ=ಯೆಸ್'. ಎಲ್ಲರಿಗೂ ಸೇರಿ ಇರುವ ಡಂಪ್ ಸ್ಟೇಷನ್ನನ್ನು ಬೇರೆಯೇ ಚುಕ್ಕಿಯಾಗಿ ಹಾಕುತ್ತೇನೆ. ಉಳಿಯದೆ, ಗಾಡಿಯ ಕೊಳಚೆ ಟ್ಯಾಂಕು ಖಾಲಿ ಮಾಡಲೆಂದೇ ಬರುವವರೂ ಇದ್ದಾರೆ. ಇದನ್ನೆಲ್ಲ ಗೂಗಲ್ ಮ್ಯಾಪಿನಿಂದ ಎತ್ತುವಂತಿಲ್ಲ, ಲೈಸೆನ್ಸ್ ಒಪ್ಪದು. ಖುದ್ದು ನಡೆದು, ಫೋಟೋ ತೆಗೆದು ತಂದದ್ದೇ ಸರಿ.

ತಲೆಬಿಸಿ ಬಿಎಲ್‌ಎಂ ಜಮೀನಿನದು. ಅದು ಅಮೆರಿಕದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಕೇಂದ್ರ ಸರ್ಕಾರದ ನೆಲ. ಸಾಮಾನ್ಯವಾಗಿ 28 ದಿನದಲ್ಲಿ 14 ದಿನ ಪುಕ್ಕಟೆ ಉಳಿಯಬಹುದು. ಬೋರ್ಡಿಲ್ಲ, ನಲ್ಲಿಯಿಲ್ಲ, ಯಾರೋ ಕಲ್ಲು ಜೋಡಿಸಿದ ಬೆಂಕಿಗುಂಡಿ ಅಷ್ಟೆ. ಇಂಥವನ್ನು 'ಇಂಪ್ರಾಂಪ್ಟು=ಯೆಸ್', ಅಂದರೆ ಜನ ತಾವೇ ಮಾಡಿಕೊಂಡ ಜಾಗ, ಅಂತ ಹಾಕುವವರಿದ್ದಾರೆ. ನನಗೆ ಮನಸ್ಸಾಗದು. ಚುಕ್ಕಿ ಬಿದ್ದರೆ ಸಾಕು, ಮುಂದಿನ ಸೀಸನ್ನಿಗೆ ಕಾರುಗಳ ಸಾಲು, ಪೊದೆ ಹಿಂದೆಲ್ಲ ಟಿಶ್ಯೂ ಕಾಗದ. ನಾವೇ ಎರಡು ರಾತ್ರಿ ಮಲಗಿದ್ದ ಜಾಗವನ್ನೂ ಹಾಕಿಲ್ಲ. ಅಲ್ಲಿಗೆ ಹೋಗುವ ಮಣ್ಣು ರಸ್ತೆ ಮಾತ್ರ ಹಾಕಿದ್ದೇನೆ.