ಶಿಕಾಗೊ ಕಡೆ ಹೊಸ ಮನೆ ಕೊಂಡವರಿಗೆ: ವರ್ಷ ವರ್ಷ ತಾನಾಗಿ ಚಿಗುರುವ ಹೂಗಿಡಗಳು

ಮೇ ತಿಂಗಳ ಶನಿವಾರ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆಯ ಯಾವ ಗಾರ್ಡನ್ ಸೆಂಟರ್‌ಗೆ ಹೋದರೂ ನಮ್ಮವರು ಒಬ್ಬರಾದರೂ ಸಿಗುತ್ತಾರೆ. ಗಾಡಿಯಲ್ಲಿ ಟೊಮೇಟೊ ಸಸಿ, ಮೆಣಸಿನ ಸಸಿ, ಅದರ ಪಕ್ಕದಲ್ಲಿ ಕೆಂಪು ದಾಸವಾಳದ ಒಂದು ಕುಂಡ. ಆ ದಾಸವಾಳ ನೋಡಿದಾಗಲೆಲ್ಲ ಹತ್ತಿರ ಹೋಗಿ "ಇದನ್ನ ನೆಲಕ್ಕೆ ಹಾಕ್ತೀರೋ, ಕುಂಡದಲ್ಲೇ ಇಡ್ತೀರೋ?" ಅಂತ ಕೇಳಿಬಿಡುತ್ತೇನೆ. ನನ್ನ ಹೆಂಡತಿಗೆ ಈ ಅಭ್ಯಾಸ ಹಿಡಿಸುವುದಿಲ್ಲ. ಆದರೆ ಎಲೆ ಮಿರಮಿರ ಮಿಂಚುವ ಆ ದಾಸವಾಳ ನಮ್ಮೂರಿನದೇ ಜಾತಿ. ನೆಲಕ್ಕೆ ಹಾಕಿದರೆ ಅಕ್ಟೋಬರ್‌ನ ಮೊದಲ ಗಟ್ಟಿ ಚಳಿಗೇ ಅದರ ಕಥೆ ಮುಗಿಯಿತು.

ಅದೇ ಅಂಗಡಿಯ ಇನ್ನೊಂದು ಸಾಲಿನಲ್ಲಿ ಇನ್ನೊಂದು ದಾಸವಾಳ ಇರುತ್ತದೆ. ಹಾರ್ಡಿ ಹೈಬಿಸ್ಕಸ್ ಅನ್ನುತ್ತಾರೆ. ಎಲೆಗೆ ಹೊಳಪಿಲ್ಲ, ಮೇ ತಿಂಗಳಲ್ಲಿ ಹೂವೂ ಇಲ್ಲ. ಕುಂಡದಲ್ಲಿ ನಾಲ್ಕು ಮೋಟು ಕಡ್ಡಿ, ಅಷ್ಟೆ. ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇದು ಈ ದೇಶದ್ದೇ ಗಿಡ. ಚಳಿಗಾಲದಲ್ಲಿ ನೆಲದ ಮೇಲಿನದೆಲ್ಲ ಸತ್ತು, ಬೇರಿನಿಂದ ಮತ್ತೆ ಎದ್ದು, ಜುಲೈ ಕೊನೆಯಿಂದ ಊಟದ ತಟ್ಟೆಯಷ್ಟಗಲದ ಹೂ ಬಿಡುತ್ತದೆ. ಒಂದೊಂದು ಹೂವಿಗೂ ಒಂದೇ ದಿನದ ಆಯಸ್ಸು, ಥೇಟ್ ನಮ್ಮ ದಾಸವಾಳದ ಹಾಗೆ.

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೇ ತಿಂಗಳಲ್ಲಿ ಹೂ ನೋಡಿ ಗಿಡ ಕೊಳ್ಳಬೇಡಿ. ಜನವರಿಯಲ್ಲಿ ಆ ಗಿಡ ನೆಲದೊಳಗೆ ಏನು ಮಾಡುತ್ತದೆ ಅಂತ ವಿಚಾರಿಸಿ ಕೊಳ್ಳಿ. ನೆಲದೊಳಗೆ ಚಳಿಗಾಲ ತಡೆದುಕೊಂಡು ವರ್ಷ ವರ್ಷ ಚಿಗುರುವ ಗಿಡಗಳಿಗೆ ಇಲ್ಲಿ ಪೆರೆನಿಯಲ್ ಅನ್ನುತ್ತಾರೆ. ಆನ್ಯುಅಲ್ ಅಂದರೆ ಒಂದೇ ಬೇಸಿಗೆಯ ಗಿಡ, ಮುಂದಿನ ವರ್ಷ ಮತ್ತೆ ದುಡ್ಡು.

ಲೇಬಲ್ ಮೇಲೆ "ಝೋನ್ 4–8" ಅಂತೇನೋ ಬರೆದಿರುತ್ತದಲ್ಲ, ಅದು ಅಮೆರಿಕದ ಕೃಷಿ ಇಲಾಖೆಯ ನಕ್ಷೆಯ ಲೆಕ್ಕ. ಊರಿನ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಎಷ್ಟಕ್ಕಿಳಿಯುತ್ತದೆ ಅನ್ನುವುದನ್ನು ಅದು ಹೇಳುತ್ತದೆ. ಝೋನ್ 5 ಅಂದರೆ ಮೈನಸ್ 20ರಿಂದ ಮೈನಸ್ 10 ಫ್ಯಾರನ್‌ಹೀಟ್. ಝೋನ್ 6 ಅಂದರೆ ಮೈನಸ್ 10ರಿಂದ ಸೊನ್ನೆ. 2023ರಲ್ಲಿ ಬಂದ ಹೊಸ ನಕ್ಷೆಯಲ್ಲಿ ನಿಮ್ಮ ಜಿಪ್ ಕೋಡ್ ಹಾಕಿದರೆ 5ಬಿ ಅಥವಾ 6ಎ ಅಂತ ಬರುತ್ತದೆ (ಪ್ರತಿ ಝೋನ್‌ನಲ್ಲಿ ಹೆಚ್ಚು ಚಳಿಯ ಅರ್ಧ ಎ, ಉಳಿದರ್ಧ ಬಿ). 6 ಅಂತ ಬಂದರೂ ನಂಬಿ ಕೂರಬೇಡಿ, ಅದು ಸರಾಸರಿ ಮಾತ್ರ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23ಕ್ಕೆ ಇಳಿದಿತ್ತು, ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 31. ಅಂಥ ಒಂದು ರಾತ್ರಿ ಸಾಕು. ನಾನಂತೂ ಲೇಬಲ್‌ನಲ್ಲಿ ಮೊದಲ ಅಂಕಿ 4 ಇದ್ದರೆ ಕಣ್ಣುಮುಚ್ಚಿ ತರುತ್ತೇನೆ, 5 ಇದ್ದರೆ ಯೋಚಿಸಿ ತರುತ್ತೇನೆ, 6 ಇದ್ದರೆ ಅಲ್ಲೇ ಬಿಟ್ಟು ಬರುತ್ತೇನೆ.

ಆದರೆ ನಿಜವಾಗಿ ಗಿಡ ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ನಮ್ಮ ಮಣ್ಣು. ಹೊಸ ಬಡಾವಣೆ ಕಟ್ಟುವಾಗ ಬಿಲ್ಡರ್ ಮೇಲ್ಮಣ್ಣನ್ನು ಕೆರೆದು ತೆಗೆದು, ಮನೆ ಎದ್ದ ಮೇಲೆ ನಾಲ್ಕಿಂಚು ವಾಪಸ್ ಹರಡಿ ಹುಲ್ಲು ಹಾಸಿಬಿಡುತ್ತಾನೆ. ಕೆಳಗೆ ಹಳದಿ ಮಿಶ್ರಿತ ಬೂದು ಜೇಡಿಮಣ್ಣು. ಒದ್ದೆ ಇದ್ದಾಗ ಗುದ್ದಲಿಗೆ ಮುದ್ದೆ ಹಾಗೆ ಅಂಟುತ್ತದೆ, ಒಣಗಿದಾಗ ಹೆಂಚು. ಒಂದಡಿ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ನೀರು ಇನ್ನೂ ನಿಂತಿದ್ದರೆ ಅಲ್ಲಿ ಲ್ಯಾವೆಂಡರ್ ಆಸೆ ಬಿಡಿ. ಲ್ಯಾವೆಂಡರ್ ಸಾಯುವುದು ಚಳಿಗಲ್ಲ, ಮಾರ್ಚ್‌ನಲ್ಲಿ ಹಿಮ ಕರಗಿ ಬೇರಿನ ಸುತ್ತ ನಿಲ್ಲುವ ನೀರಿಗೆ. ನಾನು ಮೂರು ಸಲ ಹಾಕಿ ಮೂರು ಸಲವೂ ಕಳೆದುಕೊಂಡೆ.

ಜೇಡಿಮಣ್ಣು ಸಡಿಲವಾಗಲಿ ಅಂತ ಮರಳು ಸುರಿಯಬೇಡಿ, ಒಣಗಿದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಕೊಳೆತ ಎಲೆಗೊಬ್ಬರ ಎರಡು ಮೂರು ಇಂಚು ಹರಡಿ ಮಣ್ಣಿಗೆ ಸೇರಿಸಿ, ಪ್ರತಿವರ್ಷ ಮೇಲಿಂದ ಇನ್ನಷ್ಟು. ಇನ್ನೊಂದು ವಿಷಯ, ಇಲ್ಲಿನ ಮಣ್ಣು ಸುಣ್ಣದ ಗುಣದ್ದು. ಅಂಗಡಿಯಲ್ಲಿ ನೀಲಿಯಾಗಿದ್ದ ಹೈಡ್ರೇಂಜಿಯ ನಿಮ್ಮ ಮನೆಯಲ್ಲಿ ಗುಲಾಬಿಯಾದರೆ ಮೋಸ ಹೋದೆ ಅಂದುಕೊಳ್ಳಬೇಡಿ.

ಅಗೆಯುವ ಮುಂಚೆ, ನೆಲದಡಿಯ ಪೈಪು, ವೈರ್ ಎಲ್ಲಿವೆ ಅಂತ ಗುರುತು ಹಾಕಿಸಿಕೊಳ್ಳಲು 811ಕ್ಕೆ ಫೋನ್ ಮಾಡಿ. ಶಿಕಾಗೊ ನಗರ ಬಿಟ್ಟರೆ ಇಲಿನಾಯ್‌ನಲ್ಲಿ ಈ ಸೇವೆಗೆ ಜೂಲಿ ಅಂತ ಹೆಸರು, ದುಡ್ಡಿಲ್ಲ. ಕೆಲವು ದಿನದಲ್ಲಿ ಬಂದು ಹುಲ್ಲಿನ ಮೇಲೆ ಪುಟ್ಟ ಬಾವುಟ ನೆಟ್ಟು ಹೋಗುತ್ತಾರೆ: ಹಳದಿ ಅಂದರೆ ಗ್ಯಾಸ್, ಕೆಂಪು ಅಂದರೆ ಕರೆಂಟು, ನೀಲಿ ನೀರು, ಕಿತ್ತಳೆ ಫೋನ್ ಮತ್ತು ಇಂಟರ್ನೆಟ್. "ಆರಿಂಚು ಅಗೆಯೋಕೆ ಇಷ್ಟೆಲ್ಲ ಬೇಕಾ" ಅಂದುಕೊಂಡು ನಾನು ಒಂದು ಭಾನುವಾರ ಹಾರೆ ಹಾಕಿದೆ. ಕಪ್ಪು ವೈರ್ ಒಂದು ತುಂಡಾಯಿತು. ಒಳಗೆ ಅತ್ತೆಯ ಜೊತೆ ವಿಡಿಯೋ ಕಾಲ್ ನಡೆಯುತ್ತಿತ್ತು. ಮುಂದಿನದು ಬೇಡ.

ಇನ್ನು ಯಾವ ಗಿಡ ಅನ್ನುವ ಪ್ರಶ್ನೆ. ಇಲ್ಲಿನ ಪುಸ್ತಕಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದಾದ ಮೇಲೊಂದು ಅರಳುವ ಹಾಗೆ ಜೋಡಿಸಿ ಅನ್ನುತ್ತವೆ. ಅದನ್ನು ನೆನಪಿಡಲು ನಮಗೆ ಪಂಚಾಂಗವೇ ಸಾಕು. ನನ್ನ ಪಾತಿಯನ್ನು ಹಬ್ಬದ ಲೆಕ್ಕದಲ್ಲೇ ಕಟ್ಟಿದ್ದೇನೆ, ಮನೆಯ ಪೂಜೆಗೂ ಹೂವಾಯಿತು.

ಯುಗಾದಿಗೆ ಏನೂ ಇಲ್ಲ, ಒಪ್ಪಿಕೊಳ್ಳಿ. ಹಿಂದಿನ ಅಕ್ಟೋಬರ್‌ನಲ್ಲೇ ಗೆಡ್ಡೆ ಹೂತಿದ್ದರೆ ಕ್ರೋಕಸ್ ಬರಬಹುದು, ಮರದ ನೆರಳಲ್ಲಿ ಹೆಲೆಬೋರ್ ತಲೆ ತಗ್ಗಿಸಿಕೊಂಡು ಅರಳಬಹುದು. ಮೇ ಕೊನೆಗೆ ಪಿಯೊನಿ. ಒಮ್ಮೆ ನೆಟ್ಟರೆ ಗಿಡ ದಶಕಗಟ್ಟಲೆ ಬಾಳುತ್ತದೆ, ಹಳೇ ಮನೆ ಕೊಂಡವರಿಗೆ ಹಿತ್ತಲಲ್ಲೇ ಸಿಕ್ಕಿದ್ದೂ ಉಂಟು. ಅದರ ಗೆಡ್ಡೆಯ ಕೆಂಪು ಕಣ್ಣು ಮಣ್ಣಿನ ಕೆಳಗೆ ಎರಡಿಂಚಿಗಿಂತ ಆಳ ಹೋಗಕೂಡದು. ಆಳವಾದರೆ ಎಲೆ ಸೊಂಪಾಗಿ ಬೆಳೆದು ಹೂ ಮಾತ್ರ ಬರುವುದಿಲ್ಲ. ಮೊಗ್ಗಿನ ಮೇಲೆ ಇರುವೆ ಓಡಾಡುತ್ತವೆ, ಔಷಧಿ ಹೊಡೆಯಬೇಡಿ. ಅವು ಮೊಗ್ಗಿನ ಸಿಹಿಗೆ ಬಂದವು, ಗಿಡಕ್ಕೆ ತೊಂದರೆಯಿಲ್ಲ. ದೇವರಿಗೆ ಏರಿಸುವ ಮುಂಚೆ ಕೊಡವಿದರಾಯಿತು.

ಜೂನ್‌ನಲ್ಲಿ ಕ್ಯಾಟ್‌ಮಿಂಟ್, ಸಾಲ್ವಿಯಾ, ಸೈಬೀರಿಯನ್ ಐರಿಸ್. ಮೂರೂ ನೇರಳೆ-ನೀಲಿ. ಮೊದಲೆರಡನ್ನು ಮೊಲ ಮೂಸಿ ನೋಡಿ ಮುಂದೆ ಹೋಗುತ್ತದೆ. ಇದು ಸಣ್ಣ ಮಾತಲ್ಲ, ಇಲ್ಲಿ ಮೊಲದ ಕಾಟ ನಮ್ಮ ಕಡೆ ಮಂಗನ ಕಾಟದ ಹಾಗೆ. ಆಸ್ಟರ್, ಫ್ಲಾಕ್ಸ್, ಎಳೆಯ ಕೋನ್‌ಫ್ಲವರ್ ಎಲ್ಲ ಅದಕ್ಕೆ ಸೊಪ್ಪಿನ ಪಲ್ಯ. ಗಿಡ ಒಂದಡಿ ಆಗುವವರೆಗೆ ಸುತ್ತ ಕೋಳಿಬಲೆ ಕಟ್ಟಿ. ಜಿಂಕೆ ಓಡಾಡುವ ಜಾಗವಾದರೆ ಹೋಸ್ಟಾ, ಡೇಲಿಲಿ ಎರಡನ್ನೂ ಮರೆತುಬಿಡಿ.

ವರಮಹಾಲಕ್ಷ್ಮಿ ಹೊತ್ತಿಗೆ ಪಾತಿ ತುಂಬಿರುತ್ತದೆ. ಕೋನ್‌ಫ್ಲವರ್, ಬ್ಲ್ಯಾಕ್ ಐಡ್ ಸೂಸನ್, ಫ್ಲಾಕ್ಸ್. ಮೊದಲೆರಡು ಈ ಕಡೆಯ ಹುಲ್ಲುಗಾವಲಿನವೇ, ಜೇಡಿಮಣ್ಣಿಗೆ ಹೆದರುವುದಿಲ್ಲ. ಫ್ಲಾಕ್ಸ್‌ಗೆ ಸಂಜೆ ಹೊತ್ತು ಸಿಹಿ ಕಂಪು. ಆದರೆ ಜುಲೈ ಸೆಖೆಗೆ ಎಲೆಗೆಲ್ಲ ಬೂದಿರೋಗ ಬಡಿಯುತ್ತದೆ. 'ಡೇವಿಡ್' ಅನ್ನುವ ಬಿಳಿ ತಳಿ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಗಿಡಗಳ ನಡುವೆ ಎರಡಡಿ ಬಿಡಿ. ಮಲ್ಲಿಗೆ ಇಲ್ಲವಲ್ಲ ಅನ್ನುವವರಿಗೆ ಒಂದು ಗುಟ್ಟು. ಮನೆಯ ನೆರಳಿನ ಬದಿಯಲ್ಲಿ ಹೋಸ್ಟಾ ಪ್ಲಾಂಟಜಿನಿಯಾ ಹಾಕಿ. ಎಲ್ಲರೂ ಹೋಸ್ಟಾವನ್ನು ಎಲೆಗಾಗಿ ಬೆಳೆಸುತ್ತಾರೆ, ಈ ಒಂದು ಜಾತಿಯಲ್ಲಿ ಆಗಸ್ಟ್ ಸಂಜೆ ಬೆರಳುದ್ದದ ಬಿಳಿ ಹೂ ಬಿರಿದು ಘಮ್ಮೆನ್ನುತ್ತದೆ. ನಿಜವಾದ ಮಲ್ಲಿಗೆ ಬೇಕೇ ಬೇಕು ಅಂದರೆ ಕುಂಡದಲ್ಲಿಟ್ಟು, ಸೆಪ್ಟೆಂಬರ್ ಕೊನೆಗೆ ಒಳಗೆ ಹೊತ್ತುಕೊಂಡು ಬರಬೇಕು.

ಈ ಹೊತ್ತಿನ ಇನ್ನೊಂದು ಗಿಡದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸ್ವಾಂಪ್ ಮಿಲ್ಕ್‌ವೀಡ್. ನೀರು ನಿಲ್ಲುವ ಜಾಗ ಅದಕ್ಕೆ ಸ್ವರ್ಗ. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ, ಏಕೆಂದರೆ ಇದು ನಮ್ಮ ಎಕ್ಕದ ನೆಂಟ. ಊರಲ್ಲಿ ಎಕ್ಕದ ಗಿಡದ ಮೇಲೆ ಹಳದಿ-ಕಪ್ಪು ಪಟ್ಟೆಯ ಕಂಬಳಿಹುಳು ಕಂಡವರಿಗೆ ಇಲ್ಲಿ ಅದೇ ವೇಷದ ಇನ್ನೊಂದು ಕಾಣುತ್ತದೆ. ಮೊನಾರ್ಕ್ ಚಿಟ್ಟೆಯ ಮರಿ ಅದು. ನಮ್ಮೂರಿನ ಎಕ್ಕದ ಚಿಟ್ಟೆ, ಈ ಮೊನಾರ್ಕ್ ಎರಡೂ ಒಂದೇ ಕುಲದವು. ಮೊನಾರ್ಕ್ ಮರಿಗೆ ಮಿಲ್ಕ್‌ವೀಡ್ ಬಿಟ್ಟು ಬೇರೆ ಊಟವಿಲ್ಲ. ಸೆಪ್ಟೆಂಬರ್‌ನಲ್ಲಿ ಇಲ್ಲಿಂದ ಹಾರುವ ಪೀಳಿಗೆ ಮೆಕ್ಸಿಕೊದ ಬೆಟ್ಟಗಳಲ್ಲಿ ಚಳಿಗಾಲ ಕಳೆಯುತ್ತದೆ. ಹುಳು ಎಲೆ ತಿಂದು ಗಿಡ ಬೋಳಾದರೆ ಬೇಸರ ಬೇಡ, ಅದಕ್ಕೇ ನೆಟ್ಟಿದ್ದು. ಹಾಲು ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಎಕ್ಕದಷ್ಟೇ ಉರಿ.

ಗಣೇಶನ ಹಬ್ಬಕ್ಕೆ ಸೀಡಂ. ಎಲೆ ದಪ್ಪ, ನೀರು ಕೇಳುವುದಿಲ್ಲ. ಡ್ರೈವ್‌ವೇ ಪಕ್ಕ ಚಳಿಗಾಲದಲ್ಲಿ ಉಪ್ಪು ಚೆಲ್ಲುತ್ತೀರಲ್ಲ, ಅಲ್ಲೂ ಬದುಕುತ್ತದೆ. ದಸರಾಕ್ಕೆ ನೇರಳೆ ಆಸ್ಟರ್. ಆಮೇಲೆ ಸೇವಂತಿಗೆ, ಅಲ್ಲೇ ನಮ್ಮವರು ಎಡವುವುದು. ಸೆಪ್ಟೆಂಬರ್‌ನಲ್ಲಿ ಕಿರಾಣಿ ಅಂಗಡಿಯ ಬಾಗಿಲಲ್ಲೇ ಚೆಂಡಿನ ಹಾಗೆ ದುಂಡಗೆ ಹೂಬಿಟ್ಟ ಸೇವಂತಿಗೆ ಕುಂಡ ರಾಶಿ ಹಾಕಿರುತ್ತಾರೆ. ನವರಾತ್ರಿಗೆ ಅಂತ ತಂದು, ಹಬ್ಬ ಆದ ಮೇಲೆ ನೆಲಕ್ಕಿಡುತ್ತೇವೆ. ಹೂವಿಗೆ ಶಕ್ತಿಯೆಲ್ಲ ಸುರಿದ ಗಿಡ ಬೇರು ಇಳಿಸುವಷ್ಟರಲ್ಲಿ ನೆಲ ಹೆಪ್ಪುಗಟ್ಟುತ್ತದೆ. ವಸಂತಕ್ಕೆ ಬರೀ ಕಡ್ಡಿ. ಪೂಜೆಗೆ ಅಂತಲೇ ತನ್ನಿ, ಬೇಡ ಅನ್ನುವುದಿಲ್ಲ. ಪಾತಿಗೆ ಬೇಕಾದರೆ 'ಶೆಫೀಲ್ಡ್ ಪಿಂಕ್' ಅನ್ನುವ ತಳಿ ಹುಡುಕಿ ಮೇ ತಿಂಗಳಲ್ಲೇ ನೆಡಿ. ಒಂಟಿ ಎಸಳಿನ ತಿಳಿಗುಲಾಬಿ ಹೂ, ಅಕ್ಟೋಬರ್ ಕೊನೆಗೆ ಎಲ್ಲ ಮುಗಿದ ಮೇಲೆ ಅರಳುತ್ತದೆ. ಕೆಲವು ವರ್ಷ ನಮಗೆ ದೀಪಾವಳಿಗೂ ಸಿಕ್ಕಿದೆ.

ಮಲೆನಾಡಿನವರು ಡೇರೆ ಹೂವಿನ (ಡೇಲಿಯಾ) ಬಗ್ಗೆ ಕೇಳುತ್ತಾರೆ. ಸೊಗಸಾಗಿ ಬರುತ್ತದೆ, ಆದರೆ ಗೆಡ್ಡೆ ನೆಲದಲ್ಲಿ ಉಳಿಯುವುದಿಲ್ಲ. ಮೊದಲ ಇಬ್ಬನಿ ಹೆಪ್ಪುಗಟ್ಟಿ ಎಲೆ ಕಪ್ಪಾದ ಮೇಲೆ ಕಿತ್ತು, ಬೇಸ್‌ಮೆಂಟ್‌ನ ತಣ್ಣನೆಯ ಮೂಲೆಯಲ್ಲಿ ಒಣ ಹೊಟ್ಟಿನಲ್ಲಿ ಹೂತಿಡಿ. ಊರಲ್ಲಿ ಅಮ್ಮ ಮುಂದಿನ ಮಳೆಗಾಲಕ್ಕೆ ಅಂತ ಎತ್ತಿಡುತ್ತಿದ್ದರಲ್ಲ, ಹಾಗೇ.

ಕೊಳ್ಳುವಾಗ ನಾಚಿಕೆ ಬಿಟ್ಟು ಕುಂಡ ಬೋರಲು ಹಾಕಿ ಗಿಡವನ್ನು ಮೆಲ್ಲಗೆ ಹೊರಗೆಳೆದು ನೋಡಿ. ಬೇರು ಬೆಳ್ಳಗಿದ್ದು ಅಲ್ಲಲ್ಲಿ ಮಣ್ಣು ಕಂಡರೆ ಒಳ್ಳೆಯದು. ಕಂದು ಬೇರು ಬುಟ್ಟಿ ಹೆಣೆದ ಹಾಗೆ ಸುತ್ತಿಕೊಂಡಿದ್ದರೆ, ಅರ್ಧ ಬೆಲೆಗೆ ಸಿಕ್ಕರೆ ಮಾತ್ರ ತಂದು, ಬೇರನ್ನು ಚಾಕುವಿನಿಂದ ನಾಲ್ಕು ಕಡೆ ಸೀಳಿ ನೆಡಿ. ಒಂದೊಂದು ಜಾತಿಯ ಒಂದೊಂದು ತರಬೇಡಿ, ಅದು ಕಲಸುಮೇಲೋಗರವಾಗಿ ಕಾಣುತ್ತದೆ. ಐದು ಜಾತಿ, ಒಂದೊಂದರಲ್ಲಿ ಮೂರು, ಮೊದಲ ವರ್ಷಕ್ಕೆ ಧಾರಾಳವಾಯಿತು. ಪಾತಿ ನಾಲ್ಕೈದು ಅಡಿ ಅಗಲ ಇರಲಿ, ಎತ್ತರದವು ಹಿಂದೆ.

ಯಾರಾದರೂ ಚೀಲ ತುಂಬ ಗಿಡ ಪುಕ್ಕಟೆ ಕೊಟ್ಟರೆ, ಇಷ್ಟೊಂದು ಯಾಕಿದೆ ಅಂತ ಒಮ್ಮೆ ಕೇಳಿ. ಪುದೀನ ಕುಲದ ಕೆಲವು, ರಸ್ತೆ ಬದಿಯ ಕಿತ್ತಳೆ ಡೇಲಿಲಿ, ಇವು ಕಾಲಿಟ್ಟರೆ ಮನೆ ಅಳಿಯನ ಹಾಗೆ ಹೋಗುವುದಿಲ್ಲ. ಪರ್ಪಲ್ ಲೂಸ್‌ಸ್ಟ್ರೈಫ್ ನೆಡುವುದಂತೂ ಈ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ. ಮನೆಯಲ್ಲಿ ಬೆಕ್ಕಿದ್ದರೆ ಲಿಲಿ, ಡೇಲಿಲಿ ಎರಡೂ ಬೇಡ, ಬೆಕ್ಕಿಗೆ ಅವು ವಿಷ.

ದುಡ್ಡು ಖರ್ಚು ಮಾಡುವ ಮುಂಚೆ ಒಂದು ದಿನ ಡೌನ್‌ಟೌನ್‌ನ ಮಿಲೆನಿಯಂ ಪಾರ್ಕ್‌ನಲ್ಲಿರುವ ಲೂರಿ ಗಾರ್ಡನ್‌ಗೆ ಹೋಗಿ ಬನ್ನಿ. ಡಚ್ ತೋಟಗಾರ ಪೀಟ್ ಔಡಾಲ್ಫ್ ಗಿಡ ಆರಿಸಿದ ಜಾಗ, 2004ರಲ್ಲಿ ತೆರೆದದ್ದು, ಟಿಕೆಟ್ ಇಲ್ಲ. ಜುಲೈಯಲ್ಲೂ ಹೋಗಿ, ಜನವರಿಯಲ್ಲೂ ಹೋಗಿ. ಒಣಗಿದ ದಂಟು, ಬೀಜದ ತಲೆಗಳನ್ನು ಅವರು ಕತ್ತರಿಸದೆ ಬಿಟ್ಟಿರುತ್ತಾರೆ. ಹಕ್ಕಿಗೆ ಕಾಳು, ಬುಡಕ್ಕೆ ಹಿಮದ ಕಂಬಳಿ. ಗ್ಲೆನ್‌ಕೋದ ಶಿಕಾಗೊ ಬೊಟಾನಿಕ್ ಗಾರ್ಡನ್‌ನವರು ಒಂದೇ ಜಾತಿಯ ಹತ್ತಾರು ತಳಿಗಳನ್ನು ಅಕ್ಕಪಕ್ಕ ವರ್ಷಗಟ್ಟಲೆ ಬೆಳೆಸಿ ಯಾವುದು ಬಾಳಿತು, ಯಾವುದು ಸತ್ತಿತು ಅಂತ ವರದಿ ಹಾಕುತ್ತಾರೆ. ಲೇಬಲ್ ಮೇಲಿನ ಬಣ್ಣದ ಫೋಟೊಗಿಂತ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಮೊದಲ ಬೇಸಿಗೆ ವಾರಕ್ಕೆ ಒಂದಿಂಚು ನೀರು ಬೀಳಬೇಕು, ಮಳೆಯದ್ದೋ ಪೈಪಿನದ್ದೋ. ಮೊದಲ ವರ್ಷ ಗಿಡ ಮಲಗಿರುತ್ತದೆ, ಎರಡನೇ ವರ್ಷ ತೆವಳುತ್ತದೆ, ಮೂರನೇ ವರ್ಷ ನೆಗೆಯುತ್ತದೆ ಅಂತ ಇಲ್ಲಿನವರು ಹೇಳುವುದು ನಿಜ. ನೆಟ್ಟ ಕಡೆಯೆಲ್ಲ ಒಂದು ಕಡ್ಡಿ ಚುಚ್ಚಿ ಹೆಸರು ಬರೆದಿಡಿ. ನಾನು ಬರೆದಿಡಲಿಲ್ಲ. ಮೇ 10ನೇ ತಾರೀಕು, ಪಾತಿಯಲ್ಲಿ ಎಲ್ಲವೂ ಮೊಣಕಾಲೆತ್ತರ ಬಂದಿದ್ದಾಗ ಒಂದು ಕಡೆ ಮಾತ್ರ ಬೋಳು. ಸತ್ತಿದೆ ಅಂದುಕೊಂಡು ಗುದ್ದಲಿ ಹಾಕಿ ಬುಡ ಎತ್ತಿದೆ. ಸೀಳಿದ ಬೇರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಮೊಳಕೆಗಳು ಸಾಲಾಗಿ ಕೂತಿದ್ದವು. ಹಾರ್ಡಿ ಹೈಬಿಸ್ಕಸ್ ಎಲ್ಲದಕ್ಕಿಂತ ತಡವಾಗಿ, ಕೆಲವೊಮ್ಮೆ ಜೂನ್‌ನಲ್ಲಿ ಏಳುತ್ತದೆ ಅಂತ ಆಗ ಗೊತ್ತಿರಲಿಲ್ಲ. ಎರಡು ತುಂಡನ್ನೂ ಬೇರೆ ಬೇರೆ ಕಡೆ ಮಣ್ಣು ಮಾಡಿದೆ. ಒಂದು ಹೋಯಿತು. ಇನ್ನೊಂದು ಆ ವರ್ಷ ಸೆಪ್ಟೆಂಬರ್‌ನಲ್ಲಿ ಒಂದೇ ಒಂದು ಹೂ ಬಿಟ್ಟಿತು.